ಪಾಲಕರ ಗಮನಕ್ಕೆ ಬಂದ ಸುದ್ದಿ

ನವಲಗುಂದದ ಕಡೆಯ ನಮ್ಮ ಊರಿನ ಪ್ರಾಥಮಿಕ ಶಾಲೆಯ ಹೊರಗೋಡೆಗೆ ಒಂದಿಷ್ಟು ಜಾಗದಲ್ಲಿ ಸಿಮೆಂಟು ಬಳಿದು ಕಪ್ಪು ಬಣ್ಣ ಹಚ್ಚಿದ್ದರು. ಮೇಲೆ ದಪ್ಪ ಅಕ್ಷರದಲ್ಲಿ ‘ಪಾಲಕರ ಗಮನಕ್ಕೆ’ ಎಂದು ಬರೆಸಿದ್ದರು. ಎಪ್ಪತ್ತರ ದಶಕದ ನಡುವಿನ ಮಾತು. ಆ ಶಾಲೆಗೆ ಮಕ್ಕಳನ್ನು ಕಳಿಸುವ ತಾಯಂದಿರಲ್ಲಿ ಓದು ಬರುತ್ತಿದ್ದವರು ಕಡಿಮೆ. ನಾನು ತವರಿನಲ್ಲಿ ಮುಲ್ಕಿಯವರೆಗೆ, ಅಂದರೆ ಏಳನೆಯ ತರಗತಿಯವರೆಗೆ ಓದಿದವಳು. ಹಾಗಾಗಿ ಕೆರೆಯಿಂದ ಕೊಡ ಹೊತ್ತು ಬರುವಾಗ ಆ ಗೋಡೆಯ ಮುಂದೆ ನಿಂತು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

“ಏನ್ ಬರದಾರ್ರಿ ಇವತ್ತ?” ಅಂತ ಹಿಂದಿನಿಂದ ಯಾರಾದರೂ ಕೇಳುತ್ತಿದ್ದರು.

ಹೇನಿದ್ದ ಮಕ್ಕಳ ತಲೆ ಬೋಳಿಸಿ ಕಳಿಸಿರಿ. ಉಪ್ಪಿಟ್ಟಿಗೆ ತಾಟು ಕೊಟ್ಟು ಕಳಿಸಿರಿ. ನಾಳೆ ಸೂಜಿ ಹಾಕುವವರು ಬರುತ್ತಾರೆ. ಈ ಕೊನೆಯದನ್ನು ಓದಿದ ಮರುದಿನ ಅರ್ಧ ಶಾಲೆ ಖಾಲಿ. ಹೆಡ್‌ಮಾಸ್ತರರಿಗೆ ಆ ಗೋಡೆಯೆಂದರೆ ಬಹಳ ಅಭಿಮಾನ. ಅವರೇ ಬರೆಯುತ್ತಿದ್ದರು, ಅಕ್ಷರಗಳು ಮುತ್ತಿನಂತೆ ಇರುತ್ತಿದ್ದವು. ಅಂಥ ಅಕ್ಷರದಲ್ಲಿ ಸುಳ್ಳು ಬರೆಯಬಹುದು ಎಂದು ನನಗೆ ಆಗ ಹೊಳೆದೇ ಇರಲಿಲ್ಲ.

ಒಂದು ಚಳಿಗಾಲದಲ್ಲಿ ಶಾಲೆಯ ಮಕ್ಕಳಿಗೆ ವಾಂತಿ ಭೇದಿ ಶುರುವಾಯಿತು. ನನ್ನ ಮಗಳು ಆಗ ಎರಡನೆಯ ಇಯತ್ತೆಯಲ್ಲಿ ಓದುತ್ತಿದ್ದಳು. ಅವಳಿಗೂ ಬಂತು. ಬಸ್ಸಿನಲ್ಲಿ ಅಣ್ಣಿಗೇರಿಗೆ ಒಯ್ದು ಔಷಧ ಕೊಡಿಸಿದೆವು. ಎರಡು ದಿನಕ್ಕೆ ಕಣ್ಣು ಗುಳಿಬಿದ್ದು, ಹುಡುಗಿ ಒಗೆದು ಹಿಂಡಿದ ಅರಿವೆಯಂತಾದಳು. ಅವಳು ಸ್ವಲ್ಪ ಚೇತರಿಸಿಕೊಂಡ ಮೇಲೆ ನಾನು ನೀರಿಗೆ ಹೋದಾಗ ಗೋಡೆಯ ಮೇಲೆ ಹೊಸ ಸುದ್ದಿ ಇತ್ತು. ಹೆಂಗಸರು ಸುತ್ತ ನಿಂತರು. ನಾನು ಓದಿದೆ: ‘ಶಾಲೆಯ ಎದುರು ಮಾರುವ ಬಾರಿಹಣ್ಣು ತಿಂದು ಮಕ್ಕಳ ಆರೋಗ್ಯ ಕೆಟ್ಟಿದೆ. ಪಾಲಕರು ಎಚ್ಚರ ವಹಿಸಬೇಕು.’

ಬಾರಿಹಣ್ಣು, ಅಂದರೆ ಎಲಚಿಹಣ್ಣು, ಮಾರುತ್ತಿದ್ದವಳು ಮಸೂತಿಯ ಹಿಂದಿನ ಮುಸಲ್ಮಾನರ ಓಣಿಯ ಒಬ್ಬ ಮುದುಕಿ. ರಸ್ತೆಯ ಆ ಬದಿಗೆ, ಬೇವಿನ ಗಿಡದ ಕೆಳಗೆ ಬುಟ್ಟಿ ಇಟ್ಟುಕೊಂಡು ಕುಳಿತೇ ಇದ್ದಳು. ನಾನು ಓದಿದ್ದು ಅವಳಿಗೆ ಕೇಳಿಸಿತು. ಹಣ್ಣಿನ ಮೇಲೆ ಒದ್ದೆ ಅರಿವೆ ಮುಚ್ಚಿದಳು, ಅಷ್ಟೇ. ಗುಂಪಿನಲ್ಲಿದ್ದ ಒಬ್ಬಾಕೆ ಅತ್ತ ಉಗುಳಿದಳು.

ಮನೆಗೆ ಬಂದು ಕೊಡ ಇಳಿಸುವಾಗಲೇ ನನಗೆ ಅನುಮಾನ ಬಂತು. ನನ್ನ ಮಗಳು ಬಾರಿಹಣ್ಣು ಮುಟ್ಟುತ್ತಿರಲಿಲ್ಲ. ಯಾವಾಗಲೋ ಹಣ್ಣಿನೊಳಗೆ ಹುಳ ಕಂಡು ಹೇಸಿದವಳು, ಮತ್ತೆ ಬಾಯಿಗೆ ಹಾಕಿರಲಿಲ್ಲ. ಹತ್ತಿರ ಕೂರಿಸಿಕೊಂಡು ಶಾಲೆಯಲ್ಲಿ ಏನು ತಿನ್ನುತ್ತಿ, ಏನು ಕುಡಿಯುತ್ತಿ ಎಂದು ಕೇಳಿದೆ.

“ಟಾಕಿ ನೀರ ಕುಡೀತೀವಿ. ವಾಸನಿ ಬರ್ತೈತಿ, ಅವ್ವಾ. ಮೂಗ ಹಿಡಕೊಂಡ್ ಕುಡೀರಿ ಅಂದಾರ ಗುರುಗಳು.”

ನಮ್ಮ ಕಡೆ ಬಾವಿಗಳ ನೀರೆಲ್ಲ ಸವಳು. ಕುಡಿಯಲಿಕ್ಕೆ ಕೆರೆ ನೀರೇ ಗತಿ. ಶಾಲೆಯ ಹಿತ್ತಲಲ್ಲಿ ಸಿಮೆಂಟಿನ ಟಾಕಿ ಕಟ್ಟಿಸಿ, ಬಂಡಿಯಲ್ಲಿ ಕೆರೆ ನೀರು ತಂದು ತುಂಬಿಸುತ್ತಿದ್ದರು. ಕಟ್ಟಿಸಿದವನು ಪಂಚಾಯತಿ ಅಧ್ಯಕ್ಷರ ಅಳಿಯ. ಕಟ್ಟಿ ವರ್ಷವಾಗುವುದರೊಳಗೆ ಮೇಲೆ ಮುಚ್ಚಿದ ಫರಸಿಕಲ್ಲಿನ ಮೂಲೆ ಒಡೆದು ತಲೆ ತೂರುವಷ್ಟು ಬಾಯಿ ಬಿಟ್ಟಿತ್ತು.

ಮರುದಿನ ಕೊಡದೊಂದಿಗೇ ಶಾಲೆಯ ಒಳಗೆ ಹೋದೆ. ನನ್ನ ಹಿಂದೆ ನಾಲ್ಕೈದು ಹೆಂಗಸರು ಬಂದರು. ಹೆಡ್‌ಮಾಸ್ತರರ ಮೇಜಿನ ಮೇಲೆ ಮನೆಯಿಂದ ತಂದ ತಾಮ್ರದ ತಂಬಿಗೆ ಇತ್ತು, ಬಾಯಿಗೆ ಲೋಟ ಮುಚ್ಚಿತ್ತು. ಅದನ್ನು ನೋಡಿದ ಮೇಲೆ ಕೇಳುವುದಕ್ಕೆ ನನಗೆ ಹೆದರಿಕೆ ಉಳಿಯಲಿಲ್ಲ.

“ಟಾಕಿ ತೆಗದ ತೋರಸ್ರಿ,” ಅಂದೆ.

“ಬಾಯಾರ, ನೀವು ಕಲತಾವ್ರು. ನೀವರ ತಿಳ್ಕೋಬೇಕು. ಗ್ವಾಡಿ ಮ್ಯಾಲೆ ಬರದೀನಲ್ರಿ, ಯಾಕ ಆತು ಅಂತ.”

“ನನ್ನ ಮಗಳು ಬಾರಿಹಣ್ಣ ತಿನ್ನೂದಿಲ್ರಿ.”

“ಫರಸಿ ಭಾಳ ಭಾರ ಐತ್ರಿ. ಹೆಂಗಸರ ಕೈಲೆ ಆಗೂದಲ್ಲ.”

ನನ್ನ ಹಿಂದಿದ್ದ ಕುಂಬಾರರ ಮನೆಯಾಕೆ ಕೊಡ ಕೆಳಗಿಟ್ಟಳು. “ಹಾದಿ ಬಿಡ್ರಿ, ನೋಡೂಣು,” ಅಂದಳು. ನಾವು ಸೆರಗು ಸಿಕ್ಕಿಸಿಕೊಂಡು ಹಿತ್ತಲಿಗೆ ಹೋಗಿ ಕಲ್ಲು ಸರಿಸಿದೆವು. ಅಂಥ ಭಾರವೇನೂ ಇರಲಿಲ್ಲ.

ಒಳಗೆ ಒಂದು ಬೆಕ್ಕು. ಉಬ್ಬಿ, ಹೊಟ್ಟೆ ಮೇಲಾಗಿ, ಚರ್ಮ ಜಾರುತ್ತಿತ್ತು. ನೀರಿನ ಮೇಲೆಲ್ಲ ಕೂದಲು, ಎಣ್ಣೆಯಂಥ ಜಿಡ್ಡು. ಒಬ್ಬಾಕೆ ಅಲ್ಲೇ ಗೋಡೆ ಹಿಡಿದು ವಾಂತಿ ಮಾಡಿಕೊಂಡಳು. ಅವಳ ಇಬ್ಬರು ಗಂಡುಮಕ್ಕಳು ಆ ನೀರನ್ನೇ ಕುಡಿದಿದ್ದರು. ಹೆಡ್‌ಮಾಸ್ತರರು ಧೋತರದ ಚುಂಗು ಮೂಗಿಗೆ ಹಿಡಿದು ದೂರ ನಿಂತರು. ಅವರ ಪಕ್ಕದಲ್ಲಿದ್ದ ಕಿರಿಯ ಮಾಸ್ತರರು ತಲೆ ತಗ್ಗಿಸಿ, “ನಾ ಮೊದಲ ಹೇಳಿದ್ನಲ್ರಿ ಸರ್,” ಅಂದರು.

ಹಾಗಾದರೆ ಹೆಡ್‌ಮಾಸ್ತರರಿಗೆ ಮೊದಲೇ ಗೊತ್ತಿತ್ತು! ಸತ್ತ ಬೆಕ್ಕಿಗಿಂತ ಆ ಮಾತೇ ನನಗೆ ಹೆಚ್ಚು ಅಸಹ್ಯ ತಂದಿತು.

“ಅಧ್ಯಕ್ಷರ ಮನಸಿಗೆ ಬ್ಯಾಸರ ಆಗ್ತೈತ್ರಿ,” ಎಂದು ಹೆಡ್‌ಮಾಸ್ತರರು ದನಿ ತಗ್ಗಿಸಿದರು. “ಮುಂದಿನ ವಾರ ತಪಾಸಣಿಗೆ ಸಾಹೇಬ್ರು ಬರಾವ್ರದಾರ. ಸಾಲಿ ಮಾನದ ಪ್ರಶ್ನಿ. ದೊಡ್ಡದು ಮಾಡಬ್ಯಾಡ್ರಿ.”

“ಆ ಮುದುಕಿ ಮಾನದ್ದು?”

ಅವರು ಒಳಗೆ ಹೋಗಿ ತಂಬಿಗೆಯಿಂದ ಲೋಟಕ್ಕೆ ನೀರು ಬಗ್ಗಿಸಿಕೊಂಡು ಕುಡಿದರು.

ಎರಡು ದಿನದ ಮೇಲೆ ಗೋಡೆಯ ಮೇಲೆ ಮುತ್ತಿನಂಥ ಅಕ್ಷರ ಮತ್ತೆ ಮೂಡಿತು: ‘ನೀರಿನ ಟಾಕಿಯನ್ನು ಸ್ವಚ್ಛಗೊಳಿಸಲಾಗಿದೆ. ಪಾಲಕರ ಸಹಕಾರಕ್ಕೆ ಧನ್ಯವಾದಗಳು.’

“ಇಷ್ಟ ಏನ್ರಿ?” ಕುಂಬಾರರ ಮನೆಯಾಕೆ ಕೇಳಿದಳು. “ಬಾರಿಹಣ್ಣಿನಾಕಿದು ಏನೂ ಬರದಿಲ್ಲೇನ್ರಿ?”

ನಾನು ಗೋಡೆಯ ಕಡೆಗೇ ಮುಖ ಮಾಡಿ, ಓದುವ ದನಿಯಲ್ಲೇ ಹೇಳಿದೆ: ‘ಬಾರಿಹಣ್ಣಿನಿಂದ ಯಾವ ಮಗುವಿಗೂ ಏನೂ ಆಗಿಲ್ಲ. ಹಾಗೆ ಬರೆದದ್ದು ನಮ್ಮ ತಪ್ಪು.’

ನಾಲ್ಕನೆಯ ಇಯತ್ತೆಯ ಒಂದು ಹುಡುಗಿ ಅಲ್ಲೇ ನಿಂತಿದ್ದಳು. “ಅಕ್ಕಾರ, ಅದನ್ನ ಬರದೇ ಇಲ್ಲಲ್ರಿ,” ಅಂದಳು.

“ಬರೀಬೇಕಾಗಿತ್ತವಾ,” ಅಂದೆ.

ಹೆಂಗಸರು ನಕ್ಕರು. ಆದರೆ ಅಂದು ಉಗುಳಿದಾಕೆ ಕೊಡ ತಲೆಗೇರಿಸಿಕೊಂಡು, “ಬೆಕ್ಕ ಇದ್ದಿದ್ದು ಖರೆ. ಆದ್ರೂ ಅವರ ಕೈಯಾಗಿಂದು ನಮ್ಮ ಹುಡುಗ್ರಿಗೆ ಯಾಕ ಬೇಕ್ರಿ?” ಎಂದು ನಡೆದೇಬಿಟ್ಟಳು. ಇಬ್ಬರು ಅವಳ ಹಿಂದೆ ಹೌದೆಂಬಂತೆ ತಲೆಯಾಡಿಸುತ್ತ ಹೋದರು. ಟಾಕಿ ನೋಡಲು ನನ್ನ ಜೊತೆ ಬಂದವರೇ ಅವರು.

ಮುದುಕಿಯ ಮನೆಗೆ ಹೋದೆ. ಅಂಗಳದಲ್ಲಿ ಹಣ್ಣು ಹರಡಿ ಒಣಗಿಸುತ್ತಿದ್ದಳು. ಮಾರಾಟವಾಗದ್ದನ್ನು ಕುಟ್ಟಿ ಉಂಡೆ ಮಾಡುವುದಕ್ಕೆ. ನಡೆದದ್ದನ್ನೆಲ್ಲ ಹೇಳಿದೆ. ಗೋಡೆ ಒರೆಸಿದ್ದಾರೆ, ನಾಳೆ ಬಂದು ಕೂಡ್ರಿ ಅಂದೆ.

“ಗ್ವಾಡಿ ಒರಸಬಹುದ್ರಿ ಬೇಟಿ,” ಅಂದಳು. “ಹುಡುಗ್ರು ನನ್ನ ಕಂಡು ಬಾಯಿ ಮುಚ್ಕೊಂಡು ಓಡತಾವು. ಅದನ್ನೇನ್ ಮಾಡ್ಲಿ?”

ಆಮೇಲೆ ಅವಳು ಬುಟ್ಟಿಯನ್ನು ಬಸ್ ನಿಲ್ಲುವ ಕಡೆಗೆ ಒಯ್ದಳು. ಪರವೂರಿನವರು ಕೊಳ್ಳುತ್ತಿದ್ದರು.

ತಪಾಸಣೆಯ ಸಾಹೇಬರು ಬಂದ ದಿನ ಪಾಲಕರನ್ನೂ ಕರೆದಿದ್ದರು. ಅವರು ಗೋಡೆಯನ್ನು ನೋಡಿ, ಪಾಲಕರಿಗೆ ಇಷ್ಟು ಚಂದ ತಿಳಿವಳಿಕೆ ಕೊಡುವ ಶಾಲೆಯನ್ನು ಈ ಭಾಗದಲ್ಲಿ ನೋಡಿಲ್ಲ ಎಂದು ಹೊಗಳಿದರು. ಅಧ್ಯಕ್ಷರು ಚಪ್ಪಾಳೆ ತಟ್ಟಿದರು, ಹೆಡ್‌ಮಾಸ್ತರರ ಕೊರಳಿಗೆ ಹಾರ ಬಿತ್ತು. ನಾನು ಎದ್ದು ನಿಂತು ಬೆಕ್ಕಿನ ಮಾತು ತೆಗೆದೆ. ಯಾರೋ ಹಿಂದಿನಿಂದ ಸೆರಗು ಎಳೆದರು. ಸಾಹೇಬರು ನಕ್ಕು, “ಕೂಡ್ರಿ ತಾಯಿ, ಚಹಾ ಬಂತು,” ಅಂದರು.

ಚಹಾ ಯಾವ ನೀರಿನಲ್ಲಿ ಕಾಸಿದ್ದಾರೆ ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದೆ. ಅರ್ಧ ಜನ ಕಪ್ಪು ಕೆಳಗಿಟ್ಟರು. ಸಾಹೇಬರೂ ಇಟ್ಟರು. ನಾನು ಮಗಳ ಕೈ ಹಿಡಿದು ಮನೆಗೆ ಬಂದೆ.