ನಮ್ಮೋರ ಗ್ಯಾಲರಿ

ಅರಸೀಕೆರೆ ಬಸ್ ನಿಲ್ದಾಣದ ಎದುರು ಜೆರಾಕ್ಸ್ ಅಂಗಡಿ ಇಟ್ಟಿರುವ ಪುಷ್ಪಲತಾಗೆ ಊರಿನ ಅರ್ಧ ಜನರ ಹುಟ್ಟಿದ ತಾರೀಖು ಗೊತ್ತು. ಪಹಣಿ, ಪಿಂಚಣಿ ಅರ್ಜಿ, ಜಾತಿ ಪ್ರಮಾಣಪತ್ರ, ಮಕ್ಕಳ ಹಾಲ್ ಟಿಕೆಟ್ಟು, ಏನು ಬೇಕಾದರೂ ಜನ ಅವಳ ಅಂಗಡಿಯ ಬೆಂಚಿಗೇ ಬರುತ್ತಾರೆ. ಅವಳು ತುಂಬಿದ ಅರ್ಜಿ ತಪ್ಪಿದೆಯೆಂದು ಯಾವ ಕಚೇರಿಯಿಂದಲೂ ವಾಪಸ್ ಬಂದದ್ದಿಲ್ಲ ಎಂಬ ಹೆಸರಿದೆ. ಹುಟ್ಟಿದ್ದು ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿ. ಇಪ್ಪತ್ತೊಂದಕ್ಕೆ ಮದುವೆಯಾಗಿ ಅರಸೀಕೆರೆಯ ಕೊಬ್ಬರಿ ವ್ಯಾಪಾರಿಗಳ ಮನೆಗೆ ಬಂದಳು. ಬಂದು ಇಪ್ಪತ್ತೈದು ವರ್ಷವಾಯಿತು. ಲೆಕ್ಕ ಹಾಕಿದರೆ ತವರಿಗಿಂತ ಇಲ್ಲೇ ಹೆಚ್ಚು ಕಾಲ ಕಳೆದಿದ್ದಾಳೆ.

ಫುಟ್‌ಬಾಲ್ ಅವಳಿಗೆ ಏನೇನೂ ತಿಳಿಯದು. ಆದರೂ ಮಾಘದ ಒಂದು ಸೋಮವಾರ ಬೆಳಿಗ್ಗೆ ಉದಯಕುಮಾರ್ ಮೇಷ್ಟ್ರು ಟಿಕೆಟ್ ಪುಸ್ತಕಗಳ ಕಟ್ಟನ್ನು ತಂದು ಅವಳ ಮೇಜಿನ ಮೇಲಿಟ್ಟರು. ನಿವೃತ್ತ ಪಿ.ಟಿ. ಮೇಷ್ಟ್ರು, ಪಂದ್ಯಾವಳಿ ಸಮಿತಿಯ ಕಾರ್ಯದರ್ಶಿ. ಕೊರಳಲ್ಲಿ ಈಗಲೂ ಸೀಟಿ ನೇತಾಡುತ್ತಿತ್ತು.

"ಭಾನುವಾರ ಫೈನಲ್ಲು ಪುಷ್ಪಮ್ಮ. ನಮ್ಮ ಜಂಕ್ಷನ್ ಟೀಮಿಗೂ ಬೇಲೂರಿನ ಯಗಚಿ ಟೀಮಿಗೂ. ಹಸಿರು ಟಿಕೆಟ್ಟು ಪೂರ್ವದ ಗ್ಯಾಲರಿಗೆ, ಅದು ನಮ್ಮೋರಿಗೆ. ಹಳದಿದು ಪಶ್ಚಿಮದ್ದು, ಅದನ್ನ ಬೇಲೂರಿಗೇ ಕಳಿಸಿದೀವಿ. ಹಸಿರುದನ್ನ ಮಾತ್ರ ನೀವು ಮಾರಬೇಕು."

"ಮಾರ್ತೀನಿ ಸಾರ್. ಅದ್ರಲ್ಲೇನು."

"ಅದ್ರಲ್ಲೇ ಇರೋದು! ನಮ್ಮೋರಿಗೆ ಮಾತ್ರ ಕೊಡಬೇಕು. ಹೋದ ವರ್ಷ ಬೇಲೂರೋರು ಇಲ್ಲೇ ಟಿಕೆಟ್ ತಗೊಂಡು ನಮ್ಮೋರ ಮಧ್ಯೆ ಕೂತ್ಬಿಟ್ಟಿದ್ರು. ಅವರ ಗೋಲಾಯ್ತು, ಎದ್ದು ಕುಣಿದ್ರು. ಕುರ್ಚಿ ಹಾರಾಡಿದ್ವು. ಇಬ್ಬರಿಗೆ ಹೊಲಿಗೆ ಬಿತ್ತು."

"ಯಾರು ನಮ್ಮೋರು ಅಂತ ನಂಗೆಂಗೆ ಗೊತ್ತಾಗುತ್ತೆ?"

"ಆಧಾರ್ ನೋಡಿ. ಒಂದು ಟಿಕೆಟ್ಟಿಗೆ ಒಂದು ಜೆರಾಕ್ಸ್ ಇಸ್ಕೊಳ್ಳಿ. ಅದಕ್ಕೇ ಅಲ್ವಾ ನಿಮ್ಮ ಹತ್ರ ಬಂದಿದ್ದು!"

ಇದು ಸುಲಭದ ಕೆಲಸ ಎಂದೇ ಪುಷ್ಪಲತಾಗೆ ಅನ್ನಿಸಿತು. ಸೋಮವಾರ, ಮಂಗಳವಾರ ಹಾಗೇ ನಡೆಯಿತು. ಕಾರ್ಡು ನೋಡುವುದು, ಜೆರಾಕ್ಸ್ ತೆಗೆಯುವುದು, ಹಸಿರು ಚೀಟಿ ಹರಿದು ಕೊಡುವುದು.

ಬುಧವಾರ ಮಧ್ಯಾಹ್ನ ಜಾವಗಲ್ಲಿನ ಚನ್ನಬಸವಯ್ಯ ಬಂದರು. ತೆಂಗಿನ ತೋಟದವರು, ಅವಳ ಗಂಡನ ಮಂಡಿಗೆ ಕೊಬ್ಬರಿ ಹಾಕುವವರು. ನಾಲ್ಕು ಕಾರ್ಡು ಮುಂದಿಟ್ಟರು. ನಾಲ್ಕರಲ್ಲೂ ಅರಸೀಕೆರೆ ತಾಲ್ಲೂಕು ಅಂತಲೇ ಇತ್ತು. ಚೀಟಿ ಹರಿಯುತ್ತ ಅವಳು ಸುಮ್ಮನೆ ಕೇಳಿದಳು, "ನಿಮಗೂ ಫುಟ್‌ಬಾಲ್ ಹುಚ್ಚಾ ಯಜಮಾನರೇ?"

"ಹುಚ್ಚೇನಿಲ್ಲ ಕಣವ್ವ. ನಮ್ಮ ಅಳಿಯ ಬೇಲೂರು ಟೀಮಲ್ಲಿ ಗೋಲು ಕಾಯ್ತಾನೆ. ಅವನ್ನ ನೋಡಾನ ಅಂತ."

ಪುಷ್ಪಲತಾಳ ಕೈ ಅಲ್ಲೇ ನಿಂತಿತು. ಮೇಷ್ಟ್ರಿಗೆ ಫೋನು ಮಾಡಿದಳು.

"ಜಾವಗಲ್ಲು ನಮ್ಮ ತಾಲ್ಲೂಕೇ ಅಲ್ವಾ, ಕೊಡಿ," ಎಂದರು ಅವರು.

"ಆದ್ರೆ ಅವರು ಬೇಲೂರು ಕಡೆ ಸಾರ್."

"ಹಂಗಾದ್ರೆ ಕೊಡಬೇಡಿ."

"ನಮ್ಮ ತಾಲ್ಲೂಕು ಅಂದ್ರಲ್ಲ?"

ಮೇಷ್ಟ್ರು, "ನೋಡಿ ಪುಷ್ಪಮ್ಮ, ನಿಮಗೆ ಸರಿ ಕಂಡಂಗೆ ಮಾಡಿ," ಎಂದು ಫೋನಿಟ್ಟರು. ಅವಳಿಗೆ ಯಾವುದೂ ಸರಿ ಕಾಣಲಿಲ್ಲ. ಯಜಮಾನರು ಬಿಸಿಲಲ್ಲಿ ನಿಂತಿದ್ದರು. ಟಿಕೆಟ್ ಕೊಟ್ಟು ಕಳಿಸಿದಳು.

ಅದೇ ಸಂಜೆ ಧರ್ಮೇಶ ಬಂದ. ಅರಸೀಕೆರೆಯಿಂದ ಜಾವಗಲ್, ಹಳೇಬೀಡು ಮಾರ್ಗವಾಗಿ ಬೇಲೂರಿಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರು. ಹದಿನೆಂಟು ವರ್ಷದಿಂದ ಅರಸೀಕೆರೆಯಲ್ಲೇ ಬಾಡಿಗೆ ಮನೆ. ಜಂಕ್ಷನ್ ತಂಡದ ಪಂದ್ಯವಿದ್ದ ದಿನ ರಜೆ ಹಾಕುವವನು. ಬಸ್ಸಿನ ಮುಂಗಾಜಿನ ಮೇಲೆ ತಂಡದ ಹೆಸರು ಬರೆಸಿ ಬೇಲೂರಿನಲ್ಲಿ ಬೈಸಿಕೊಂಡವನು. ಅವನ ಕಾರ್ಡು ಮಾತ್ರ ಇನ್ನೂ ಹಳೇಬೀಡಿನ ವಿಳಾಸದ್ದು, ಬೇಲೂರು ತಾಲ್ಲೂಕು.

ಮಧ್ಯಾಹ್ನದ ತಪ್ಪನ್ನು ಈಗಲಾದರೂ ತಿದ್ದಿಕೊಳ್ಳಬೇಕೆಂದು ಪುಷ್ಪಲತಾ ಗಟ್ಟಿ ಮನಸ್ಸು ಮಾಡಿಕೊಂಡಿದ್ದಳು. "ಕೊಡೋಕಾಗಲ್ಲ ಧರ್ಮೇಶಪ್ಪ. ರೂಲ್ಸು."

"ಅಕ್ಕಾ, ನಾನು ಯಾರು ಅಂತ ಇಡೀ ಬಸ್‌ಸ್ಟ್ಯಾಂಡಿಗೇ ಗೊತ್ತೈತೆ!"

"ನಂಗೂ ಗೊತ್ತು. ಕಾರ್ಡಿಗೆ ಗೊತ್ತಿಲ್ವಲ್ಲ."

ಅವನು ನಗುತ್ತಾನೆ ಅಂದುಕೊಂಡಿದ್ದಳು. ನಗಲಿಲ್ಲ. ಕಾರ್ಡನ್ನು ಜೇಬಿಗಿಟ್ಟು ಬಸ್ಸಿನ ಕಡೆ ಹೊರಟುಹೋದ. ಅವತ್ತು ರಾತ್ರಿಯ ಊಟ ಅವಳಿಗೆ ರುಚಿಸಲಿಲ್ಲ.

ಗುರುವಾರದಿಂದ ಅವಳಿಗೆ ಒಂದು ಹೊಸ ಅಭ್ಯಾಸ ಅಂಟಿಕೊಂಡಿತು. ಬಂದವರನ್ನೆಲ್ಲ, "ನೀವು ಯಾರ ಕಡೆ?" ಎಂದು ಕೇಳುವಳು. ಒಬ್ಬ, "ನಾವು ಯಾವ ಪಕ್ಷಾನೂ ಅಲ್ಲ ಮೇಡಂ," ಎಂದ. ವಿಧವಾ ವೇತನದ ಅರ್ಜಿಗೆ ಬಂದಿದ್ದ ಮುದುಕಿಯೊಬ್ಬಳು ಹೆದರಿ, "ಯಾರ ಕಡೆ ಅಂತ ಬರೆದ್ರೆ ಸಿಗುತ್ತವ್ವ?" ಎಂದು ಅವಳನ್ನೇ ಕೇಳಿದಳು.

ಆ ಮಧ್ಯಾಹ್ನ ಬಸ್ತಿಹಳ್ಳಿಯಿಂದ ತಮ್ಮ ಇಂದ್ರೇಶನ ಫೋನು ಬಂತು.

"ಅಕ್ಕಾ, ಹಸಿರು ಟಿಕೆಟ್ ಇಪ್ಪತ್ತು ಬೇಕಿತ್ತು. ಇಲ್ಲಿ ಹಳದಿ ಟಿಕೆಟ್ಟೆಲ್ಲ ಖಾಲಿ ಆಗೋಗೈತೆ."

"ಅರಸೀಕೆರೆ ಆಧಾರ್ ಐತೇನೋ?"

"ನನ್ನನ್ನೂ ಕೇಳ್ತೀಯಾ?"

"ಎಲ್ಲರ್ನೂ ಕೇಳ್ತಿದೀನಿ ಕಣೋ. ನೀನು ಅಂತ ಬಿಟ್ರೆ…"

"ಆಯ್ತು, ಬಿಡು," ಎಂದ ಇಂದ್ರೇಶ. ಇನ್ನೇನೋ ಹೇಳುವವನಿದ್ದ ಅನ್ನಿಸಿತು, ಅಷ್ಟರಲ್ಲಿ ಫೋನು ಕಟ್ಟಾಗಿತ್ತು. ಆಮೇಲೆ ಅವಳು ಎರಡು ಸಲ ಮಾಡಿದರೂ ಎತ್ತಲಿಲ್ಲ.

ಶುಕ್ರವಾರ ಹೈಸ್ಕೂಲಿನ ಟೀಚರ್ ಮಂಜುಳಾ ಇಪ್ಪತ್ತು ಆಧಾರ್ ಜೆರಾಕ್ಸ್ ಹಿಡಿದುಕೊಂಡು ಬಂದಾಗ ಪುಷ್ಪಲತಾಗೆ ಜೀವ ಬಂದಂತಾಯಿತು. ಎಲ್ಲವೂ ಮಂಜುಳಾ ಇರುವ ಬೀದಿಯವೇ, ಅಪ್ಪಟ ಅರಸೀಕೆರೆಯವು. "ಬೀದಿಯೋರೆಲ್ಲ ಒಟ್ಟಿಗೆ ಹೋಗೋಣ ಅಂತ," ಎಂದಳು ಮಂಜುಳಾ. ಪುಷ್ಪಲತಾ ಒಂದೂ ಪ್ರಶ್ನೆ ಕೇಳದೆ ಇಪ್ಪತ್ತು ಚೀಟಿ ಹರಿದು ಕೊಟ್ಟಳು.

ಭಾನುವಾರ ಮೂರು ಗಂಟೆಗೆ ಮೇಷ್ಟ್ರು ಅವಳನ್ನು ಪೂರ್ವದ ಗೇಟಿನಲ್ಲಿ ಕುರ್ಚಿ ಹಾಕಿ ಕೂರಿಸಿದರು. ಮುಖ ಗುರುತು ಹಿಡಿಯಲು ಅವಳೇ ಸರಿ ಅಂತ. ಬಿಸಿಲು ಚುರುಗುಟ್ಟುತ್ತಿತ್ತು. ಅಂಥ ಬಿಸಿಲಲ್ಲಿ ಒಂದು ಗುಂಪು ಸ್ವೆಟರ್ ಹಾಕಿಕೊಂಡು, ಕತ್ತಿನವರೆಗೆ ಗುಂಡಿ ಬಿಗಿದುಕೊಂಡು ಬಂತು. ಒಬ್ಬೊಬ್ಬರ ಕೈಯಲ್ಲೂ ಹಸಿರು ಟಿಕೆಟ್. ಒಂದು ಮುಖವೂ ಮಂಜುಳಾಳ ಬೀದಿಯದಲ್ಲ. ಒಬ್ಬನ ಸ್ವೆಟರಿನ ಸಂದಿಯಲ್ಲಿ ಯಗಚಿ ತಂಡದ ಹಳದಿ ಕಾಲರ್ ಇಣುಕುತ್ತಿತ್ತು. ಕೂಗಲು ಬಾಯಿ ತೆರೆದವಳು ಹಾಗೇ ನಿಂತಳು. ಗುಂಪಿನ ಹಿಂದೆ, ತಮ್ಮ ಇಂದ್ರೇಶನ ತೋಳು ಹಿಡಿದುಕೊಂಡು, ಶಾಲು ಹೊದ್ದು, ಅವಳ ತಾಯಿ ಮಹದೇವಮ್ಮ ಬರುತ್ತಿದ್ದಳು.

"ಅವ್ವಾ! ನೀನ್ಯಾಕೆ ಬಂದೆ?"

"ಯಾಕೆ ಅಂದ್ರೆ? ಸಂತೋಷ ಆಡ್ತಾವ್ನೆ ಅಲ್ವಾ!" ಎಂದಳು ಮುದುಕಿ.

ಸಂತೋಷ ಇಂದ್ರೇಶನ ಮಗ. ಹಾಸನದ ಕಾಲೇಜಿನಲ್ಲಿ ಓದುತ್ತಾನೆ, ಚೆಂಡು ಒದೆಯುತ್ತಾನೆ ಎಂದಷ್ಟೇ ಪುಷ್ಪಲತಾಗೆ ತಿಳಿದಿತ್ತು. ಯಗಚಿ ತಂಡಕ್ಕೆ ಸೇರಿದ್ದು ಗೊತ್ತಿರಲಿಲ್ಲ.

"ಹೇಳಬಾರದಿತ್ತೇನೋ?" ಎಂದಳು ತಮ್ಮನಿಗೆ.

"ಹೇಳಾಣ ಅಂತಲೇ ಫೋನ್ ಮಾಡಿದ್ದೆ. ನೀನು ಕಾರ್ಡು ಕೇಳಿದೆ. ಮಂಜುಳಾ ನನ್ನ ಜೊತೆ ಓದಿದೋಳು, ಕೊಡಿಸಿದ್ಲು."

ಹಿಂದಿನಿಂದ ಜನ ತಳ್ಳುತ್ತಿದ್ದರು. ಬಿಡುವುದೋ, ತಡೆಯುವುದೋ? ತಡೆದರೆ ಮೊದಲು ತಡೆಯಬೇಕಾದದ್ದು ಹೆತ್ತ ತಾಯಿಯನ್ನು. ಅವಳು ಪಕ್ಕಕ್ಕೆ ಸರಿದಳು. ಕೊನೆಗೆ ಗೇಟು ಬೇರೆಯವರಿಗೆ ಒಪ್ಪಿಸಿ ತಾನೂ ಹೋಗಿ ತಾಯಿಯ ಪಕ್ಕ ಕೂತಳು.

ಅರ್ಧ ಗಂಟೆಗೆ ಗೋಲಾಯಿತು. ಹೊಡೆದವನು ಸಂತೋಷ. ಪೂರ್ವದ ಗ್ಯಾಲರಿ ಒಮ್ಮೆಲೇ ಸ್ತಬ್ಧವಾಯಿತು. ಆ ಮೌನದಲ್ಲಿ ಬಳೆ ತೊಟ್ಟ ಎರಡು ಕೈಗಳು ಮಾತ್ರ ಚಪ್ಪಾಳೆ ತಟ್ಟುತ್ತಿದ್ದವು. ಪುಷ್ಪಲತಾ ಗಾಬರಿಯಲ್ಲಿ ತಾಯಿಯ ಕೈಗಳನ್ನು ಹಿಡಿದು ಮಡಿಲಿಗೆ ಒತ್ತಿದಳು.

"ಬಿಡೇ, ನಮ್ಮ ಹುಡುಗ ಕಣೇ!" ಎಂದಳು ಮಹದೇವಮ್ಮ ಎಲ್ಲರಿಗೂ ಕೇಳಿಸುವಂತೆ.

ಅಲ್ಲಿಯವರೆಗೆ ತುಟಿ ಕಚ್ಚಿಕೊಂಡಿದ್ದ ಸ್ವೆಟರಿನವರಿಗೂ ತಡೆಯಲಾಗಲಿಲ್ಲ. ಒಬ್ಬ ಎದ್ದ, ಇನ್ನೊಬ್ಬ ಎದ್ದ, ಗುಂಡಿಗಳು ಬಿಚ್ಚಿದವು. ಎರಡು ಸಾಲಿನಾಚೆ ಚನ್ನಬಸವಯ್ಯನವರೂ ಟವೆಲ್ ಬೀಸುತ್ತಿದ್ದರು. "ಏನ್ಲಾ, ಇಲ್ಲಿ ಕೂತು ಕುಣೀತೀರಾ?" ಎಂದು ಮೇಲಿನಿಂದ ಕೂಗು ಬಂತು. ನೀರಿನ ಬಾಟಲಿಯೊಂದು ಹಾರಿ ಬಂತು. ಮೇಷ್ಟ್ರು ಪೊಲೀಸಿನವರೊಬ್ಬರನ್ನು ಕರೆದುಕೊಂಡು ಮೆಟ್ಟಿಲು ಹತ್ತಿ ಓಡಿ ಬಂದರು.

"ಪುಷ್ಪಮ್ಮ, ಬೇಲೂರೋರನ್ನ ತೋರಿಸಿ. ಎಲ್ಲರನ್ನೂ ಆಚೆ ಹಾಕ್ಸೋಣ."

ಅವಳು ಎದ್ದು ನಿಂತು ನೋಡಿದಳು. ಟವೆಲ್ ಬೀಸಿದವರು ಅರಸೀಕೆರೆ ತಾಲ್ಲೂಕಿನವರು. ಸ್ವೆಟರಿನವರ ಲೆಕ್ಕಕ್ಕೆ ಅಂಗಡಿಯಲ್ಲಿರುವುದು ಅರಸೀಕೆರೆಯ ಕಾರ್ಡುಗಳು. ಮೊದಲ ಚಪ್ಪಾಳೆ ಹೊಡೆದವಳು ತನ್ನ ತಾಯಿ. ಕೈ ಎತ್ತಿ ಯಾರನ್ನು ತೋರಿಸುವುದು?

"ಗೊತ್ತಾಗ್ತಿಲ್ಲ ಸಾರ್," ಎಂದಳು. "ಹಂಗೆ ನೋಡಿದ್ರೆ ನಾನೂ ಬೇಲೂರು ತಾಲ್ಲೂಕಿನೋಳೇ."

ಪೊಲೀಸಿನವರು ಟೋಪಿ ತೆಗೆದು ಹಣೆ ಒರೆಸಿಕೊಂಡರು. "ಯಾರನ್ನ ಎಬ್ಬಿಸಬೇಕು ಅಂತ ಮೊದಲು ನೀವು ನೀವೇ ತೀರ್ಮಾನ ಮಾಡ್ಕೊಳ್ಳಿ ಸ್ವಾಮಿ," ಎಂದು ಸ್ವೆಟರಿನವರನ್ನೆಲ್ಲ ಕೆಳಗಿನ ಎರಡು ಸಾಲಿಗೆ ಇಳಿಸಿ, ನಡುವೆ ತಾವೇ ಕೂತರು. ಮಹದೇವಮ್ಮನನ್ನು ಯಾರೂ ಕದಲಿಸಲಿಲ್ಲ. ಹಿಂದೆ ಕೂತಿದ್ದವರೊಬ್ಬರು ಅವಳಿಗೆ ಕಡಲೇಕಾಯಿ ಪೊಟ್ಟಣವನ್ನೂ ಕೊಟ್ಟರು.

ವಿರಾಮದ ನಂತರ ಜಂಕ್ಷನ್ ತಂಡ ಸಮ ಮಾಡಿತು. ಪೂರ್ವದ ಗ್ಯಾಲರಿ ಎದ್ದು ಕುಣಿಯುತ್ತಿದ್ದಾಗಲೇ ಪಶ್ಚಿಮದ ಕಡೆ ಗಲಾಟೆ ಎದ್ದಿತು. ಯಾರನ್ನೋ ನಾಲ್ಕೈದು ಜನ ಎಳೆದು ಬೇಲಿಯಿಂದ ಈಚೆಗೆ ನೂಕಿದರು. ಆ ಮನುಷ್ಯ ಅಂಕಣದ ಅಂಚಿನಲ್ಲಿ, ಒಂದು ಕಾಲಿಗೆ ಮಾತ್ರ ಚಪ್ಪಲಿ, ಹರಿದ ಅಂಗಿ, ಪೂರ್ವದ ಕಡೆಗೆ ನಡೆದು ಬರತೊಡಗಿದ. ಇವರಿಗೆ ಕಂಡದ್ದು ಹಳದಿ ಕಡೆಯಿಂದ ಬರುತ್ತಿರುವ ಒಬ್ಬ ಅಷ್ಟೇ. "ಬೇಲೂರೋನು ಬಂದ! ವಾಪಸ್ ಹೋಗಲೋ!" ಎಂದು ಕೂಗಿದರು. ಅವನು ನಡುದಾರಿಯಲ್ಲಿ ನಿಂತುಬಿಟ್ಟ.

ಪುಷ್ಪಲತಾ ಆಗ ಗುರುತು ಹಿಡಿದಳು. ಧರ್ಮೇಶ. ಹಸಿರು ಸಿಗದೆ, ಹಳದಿ ಖಾಲಿಯಾಗುವ ಮೊದಲೇ ತನ್ನ ಕಾರ್ಡಿಗೆ ಬೇಲೂರಿನಲ್ಲಿ ಸಿಕ್ಕ ಟಿಕೆಟ್ಟಿನಲ್ಲಿ ಬೇಲೂರಿನವರ ನಡುವೆ ಕೂತು, ಜಂಕ್ಷನ್ ಗೋಲಿಗೆ ತಡೆಯಲಾರದೆ ಕುಣಿದಿದ್ದ.

ಅವಳು ಮೆಟ್ಟಿಲಿಳಿದು, ಸೆರಗು ಬಿಗಿದುಕೊಂಡು, ಎರಡೂ ಕಡೆಯವರು ನೋಡುತ್ತಿದ್ದಂತೆ ಅವನ ಹತ್ತಿರ ಹೋದಳು. "ಬಾರಪ್ಪ," ಎಂದು ತೋಳು ಹಿಡಿದು ಕರೆತಂದಳು.

"ಯಾರಕ್ಕ ಅವನು?" ಎಂದ ಮೇಲಿನ ಸಾಲಿನ ಒಬ್ಬ.

"ನಮ್ಮೋನು."

"ಹೆಂಗೆ ಗೊತ್ತು?"

"ಇವನಿಗೆ ನಾನು ಟಿಕೆಟ್ ಕೊಡಲಿಲ್ಲ. ಅದಕ್ಕೇ ಗೊತ್ತು."

ಯಾರಿಗೂ ಅರ್ಥವಾಗಲಿಲ್ಲ. ಆದರೆ ಜಾಗ ಬಿಟ್ಟರು. ಧರ್ಮೇಶ ಮಹದೇವಮ್ಮನ ಪಕ್ಕ ಕೂತ. ಮಹದೇವಮ್ಮ ಅವನ ಅಂಗಿಯ ಹರುಕನ್ನು ನೋಡಿ, "ಯಾರ್ ಹೊಡೆದ್ರಪ್ಪ?" ಎಂದು ಕೇಳಿದಳು. "ನಿಮ್ಮೂರೋರೇ ಅಜ್ಜಿ," ಎಂದ, ಅವಳನ್ನು ಬಸ್ಸಿನಲ್ಲಿ ಕಂಡು ಬಲ್ಲ ಧರ್ಮೇಶ. ಅವಳು ಲೊಚಗುಟ್ಟಿ ಒಂದು ಹಿಡಿ ಕಡಲೇಕಾಯಿ ಅವನ ಕೈಗೆ ಹಾಕಿದಳು.

ಆಟ ಸಮದಲ್ಲೇ ಮುಗಿದು ಪೆನಾಲ್ಟಿಗೆ ಬಂತು. ಹಾಗೆಂದರೇನು ಅಂತ ಧರ್ಮೇಶನೇ ಇಬ್ಬರಿಗೂ ವಿವರಿಸಿದ. ಐದನೆಯ ಒದೆತಕ್ಕೆ ಸಂತೋಷ ಬಂದು ನಿಂತ. ಓಡಿ ಬಂದು ಒದ್ದ. ಚೆಂಡು ಕಂಬದ ಮೇಲಿಂದ ಹಾರಿಹೋಯಿತು. ಜಂಕ್ಷನ್ ಗೆದ್ದಿತು. ಗ್ಯಾಲರಿಗೆ ಗ್ಯಾಲರಿಯೇ ನೆಗೆಯಿತು. ನೆಗೆದವರಲ್ಲಿ ಪುಷ್ಪಲತಾಳೂ ಒಬ್ಬಳು. ಕಾಲುಗಳು ತಾವಾಗಿಯೇ ಎದ್ದಿದ್ದವು, ಬಾಯಿ ತಾನಾಗಿಯೇ ಕೂಗಿತ್ತು.

"ಯಾಕೆ ಕುಣೀತೀಯೇ?" ಎಂದಳು ಮಹದೇವಮ್ಮ. "ಚೆಂಡು ಆಚೆ ಹೋಯ್ತಲ್ಲೇನೇ?"

ಕೆಳಗಿನ ಸಾಲಿನಿಂದ ಇಂದ್ರೇಶ ತಿರುಗಿ ನೋಡುತ್ತಿದ್ದ. ಅಂಕಣದಲ್ಲಿ ಸಂತೋಷ ಮುಖ ಮುಚ್ಚಿಕೊಂಡು ಕೂತಿದ್ದ. ಪುಷ್ಪಲತಾ ಕೂತುಕೊಂಡಳು. ತನಗಾದದ್ದು ಖುಷಿಯೋ ಸಂಕಟವೋ ಅವಳಿಗೆ ಬಗೆಹರಿಯಲಿಲ್ಲ.

ಇಂದ್ರೇಶ ಮನೆಗೆ ಬರಲಿಲ್ಲ. ಅವ್ವನನ್ನು ಕರೆದುಕೊಂಡು ಟೆಂಪೊ ಹತ್ತಿದ. ಸೋಮವಾರ ಸಮಿತಿಯವರು ಅವಳನ್ನು ಕರೆಸಿ ಕೇಳಿದರು. ನಡೆದದ್ದನ್ನು ನಡೆದಂತೆ ಹೇಳಿ, "ಮುಂದಿನ ವರ್ಷ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಸಾರ್. ನಂಗೆ ಅರ್ಜಿ ತುಂಬೋದೇ ಸಾಕು," ಎಂದಳು. ಮೇಷ್ಟ್ರು, "ನಿಮ್ಮ ತಪ್ಪೇನಿಲ್ಲ ಬಿಡಿ," ಎಂದರು. ಹಾಗಾದರೆ ಯಾರ ತಪ್ಪು ಅಂತ ಅವರೂ ಹೇಳಲಿಲ್ಲ.

ಅದಾದ ಎರಡನೆಯ ಭಾನುವಾರ ಅವಳು ಬಸ್ತಿಹಳ್ಳಿಗೆ ಹೋದಳು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡಿದ್ದ ಮಾತೆಲ್ಲ ಬಾಗಿಲಲ್ಲಿ ಸಂತೋಷನನ್ನು ಕಂಡಾಗ ಕೈಕೊಟ್ಟಿತು.

"ಸಂತು, ನಾನು ಅವತ್ತು ಕುಣಿದುಬಿಟ್ಟೆ ಕಣೋ," ಎಂದಳು.

"ಅಪ್ಪ ಹೇಳ್ದ ಅತ್ತೆ." ಹುಡುಗ ಅಂಗಳಕ್ಕೆ ಇಳಿದ. "ಗೋಲು ಹೊಡೆದಾಗ ನೋಡಿದ್ಯಾ?"

"ನೋಡಿದೆ."

"ಎಡಗಾಲಲ್ಲಿ ಹೊಡೆದಿದ್ದು."

ಅದು ಎಡಗಾಲೋ ಬಲಗಾಲೋ ಅವಳು ಗಮನಿಸಿರಲಿಲ್ಲ. ಆಗ ಅವಳು ತಾಯಿಯ ಕೈ ಹಿಡಿದು ಅದುಮುವುದರಲ್ಲಿದ್ದಳು. ಸಂತೋಷ ಅಂಗಳದಲ್ಲಿ ಒಂದು ತೆಂಗಿನಕಾಯಿ ಇಟ್ಟು ಹೇಗೆ ತಿರುಗಿದೆ, ಹೇಗೆ ಒದ್ದೆ ಅಂತ ತೋರಿಸತೊಡಗಿದ. ಒಳಗಿನಿಂದ ಇಂದ್ರೇಶ, "ಬಿಸಿಲಲ್ಲಿ ನಿಲ್ಲಿಸ್ಕೊಂಡಿದೀಯಲ್ಲೋ, ಅತ್ತೇನ ಒಳಗೆ ಕರೀ," ಎಂದು ಕೂಗಿದ. ಪುಷ್ಪಲತಾ ಹೋಗಲಿಲ್ಲ. "ಇನ್ನೊಂದ್ಸಲ ತೋರಿಸು," ಎಂದು ಜಗಲಿಯ ಮೇಲೆ ಕೂತಳು.