ಬ್ಯಾಂಡೇಜು ಸುತ್ತುವ ಜಗಲಿ

ಅಮ್ಮತ್ತಿ ಕಡೆಯ ಕಾಫಿ ಎಸ್ಟೇಟಿಗೆ ನಾವು ಬಂದಿಳಿದ ಮರುದಿನ ಬೆಳಿಗ್ಗೆ, ಹೊಸ ಒಲೆಗೆ ಇನ್ನೂ ಕೈ ಹೊಂದದೆ ಹೊಗೆ ಕುಡಿಯುತ್ತ ಕೂತಿದ್ದೆ. ಗದ್ದೆಯ ಆಚೆಯಿಂದ ಬಂದೂಕಿನ ಸದ್ದು ಕೇಳಿತು. ಅದರ ಬೆನ್ನಿಗೇ ಇನ್ನೊಂದು. ಮಗಳನ್ನು ಬಾಚಿಕೊಂಡು ಬಾಗಿಲ ಹಿಂದೆ ನಿಂತುಬಿಟ್ಟೆ. ಹಾಲು ತಂದಿದ್ದ ಹೆಂಗಸು ಪಾತ್ರೆ ಕೆಳಗಿಟ್ಟು, ತಲೆ ತಗ್ಗಿಸಿ, "ಯಾರೋ ಹೋದರು" ಅಂದಳು.

"ಯಾರು ಯಾರನ್ನ ಹೊಡೆದರು?" ಅಂದೆ.

"ಹೊಡೆದದ್ದಲ್ಲಕ್ಕ. ಕೊಡವರ ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸ್ತಾರೆ. ಗಂಡುಮಗು ಹುಟ್ಟಿದರೆ ಒಂದು. ನೀವು ಎಣಿಸ್ಕೊಳ್ಬೇಕು, ಅಷ್ಟೆ."

ನಮ್ಮ ಅರಕಲಗೂಡು ಕಡೆ ಸಾವಿನ ಸುದ್ದಿಗೆ ತಮಟೆ ಇದೆ, ಓಡಿಬಂದು ಹೇಳುವ ಆಳು ಇದ್ದಾನೆ. ಇಲ್ಲಿ ಮನೆಯಿಂದ ಮನೆಗೆ ಒಂದು ಗುಡ್ಡ ಅಡ್ಡ. ಕೂಗಿದರೆ ಕೇಳದು, ಬಂದೂಕೇ ಹೇಳಬೇಕು. ಇದೆಲ್ಲ ಅರ್ಥವಾದದ್ದು ಆಮೇಲೆ. ಅಂದಿನಿಂದ ಮಾತ್ರ ಎಲ್ಲಿ ಸದ್ದಾದರೂ ನನ್ನ ಎದೆ ಎಣಿಸುವುದಕ್ಕೆ ಶುರುಮಾಡುತ್ತಿತ್ತು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷ ಆಗಿದ್ದ ಕಾಲ ಅದು. ನಮ್ಮನೆಯವರಿಗೆ ಎಸ್ಟೇಟಿನಲ್ಲಿ ರೈಟರ್ ಕೆಲಸ ಸಿಕ್ಕಿತ್ತು. ಆಳುಗಳ ಹಾಜರಿ, ಪಿಕ್ಕಿಂಗಿನ ಲೆಕ್ಕ ನೋಡಿಕೊಳ್ಳುವವರಿಗೆ ಇಲ್ಲಿ ಹಾಗೆನ್ನುತ್ತಾರೆ. ಊರಲ್ಲಿ ಎಲ್ಲರೂ ನಾವು ಕೆಲಸಕ್ಕಾಗಿ ಹೊರಟೆವು ಎಂದುಕೊಂಡರು. ನಿಜವೆಂದರೆ ನಾವು ಗೋಪಿ ಆಡಿಕೊಂಡಿದ್ದ ಅಂಗಳವನ್ನು ದಿನವೂ ನೋಡಲಾರದೆ ಹೊರಟಿದ್ದೆವು. ಗೋಪಿ ನನ್ನ ಎರಡನೆಯ ಮಗು. ಮೂರು ತುಂಬಿತ್ತು. ಆ ವರ್ಷದ ಬೇಸಿಗೆಯಲ್ಲಿ ಜ್ವರ ಬಂತು, ಇಳಿಯಲಿಲ್ಲ.

ಊರಿನ ಜನ ಒಳ್ಳೆಯವರು, ಅದನ್ನು ಹೇಳಲೇಬೇಕು. ವಾರಗಟ್ಟಲೆ ಅಕ್ಕಪಕ್ಕದವರೇ ಅನ್ನ ಮಾಡಿ ತಂದರು. ಆದರೆ ನನಗೆ ನೋವಾದೀತೆಂದು ಯಾರೂ ಅವನ ಹೆಸರೆತ್ತಲಿಲ್ಲ. ನಾನೇ ಎತ್ತಿದರೆ, "ದೀಪ ಹಚ್ಚೋ ಹೊತ್ತು, ಸುಮ್ನಿರವ್ವ" ಎನ್ನುತ್ತಿದ್ದರು. ಹಾಗೆ ಸುಮ್ಮನಿದ್ದೂ ಇದ್ದೂ ನನಗೆ ಅಳುವೇ ನಿಂತುಹೋಯಿತು. ಅಳು ನಿಂತ ಜಾಗಕ್ಕೆ ಹೆದರಿಕೆ ಬಂದು ಕೂತಿತು.

ಹೊಸ ಜಾಗದಲ್ಲಿ ಅದು ಇನ್ನಷ್ಟು ಬೆಳೆಯಿತು. ಸೂರು ಸೋರುತ್ತಿರಲಿಲ್ಲ, ತಂದು ನೆಟ್ಟ ತುಳಸಿ ಬೇರು ಹಿಡಿದಿತ್ತು, ಬಾವಿಯ ನೀರು ಸಿಹಿ. ಇದನ್ನೆಲ್ಲ ನೆನೆದು ದಿನವೂ ರಂಗನಾಥನಿಗೆ ಕೈಮುಗಿಯುತ್ತಿದ್ದೆ. ಆದರೂ ಊರಲ್ಲಿ ಬಾಗಿಲು ತೆಗೆದರೆ ಬೀದಿ ಕಾಣುತ್ತಿತ್ತು. ಇಲ್ಲಿ ಕಾಫಿ ಗಿಡ, ಅದರ ಮೇಲೆ ನೆರಳಿನ ಮರ, ಅದರ ಮೇಲೆ ಮಂಜು. ಮುದ್ದೆಗೆ ರಾಗಿ ಹಿಟ್ಟಿಗಾಗಿ ಅಮ್ಮತ್ತಿ ಸಂತೆಯೆಲ್ಲ ಸುತ್ತಬೇಕು. ಇಲ್ಲಿಯವರು ಅಕ್ಕಿತರಿಯನ್ನು ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿ ಕಡುಂಬುಟ್ಟು ಎನ್ನುತ್ತಾರೆ. ಉಂಡೆಯೇನೋ ಉಂಡೆಯೇ, ಆದರೆ ಬೆಳ್ಳಗೆ. ನನ್ನ ಕಣ್ಣಿಗೆ ಅದು ಸೂತಕದ ಮುದ್ದೆಯಂತೆ ಕಾಣುತ್ತಿತ್ತು. ಮಗಳು ಸರಸು ಅಂಗಳ ದಾಟಿದರೆ ನನಗೆ ಉಸಿರು ಕಟ್ಟುತ್ತಿತ್ತು. ಅಂಗೈ ಬೆವರುತ್ತಿತ್ತು. ಅವಳಿಗೆ ಆರು ವರ್ಷ, ಸ್ಕೂಲಿಗೆ ಹಾಕಬೇಕು. ನಾನು ಬಿಡಲಿಲ್ಲ. ಹರಕೆ ಹೊತ್ತೆ, ತಾಯತ ಕಟ್ಟಿಸಿದೆ. ಡಾಕ್ಟರಿಗೂ ತೋರಿಸಿದ್ದಾಯಿತು. ಎದೆಯಲ್ಲಿ ಏನೂ ದೋಷವಿಲ್ಲ ಎಂದರು.

ಒಂದು ದಿನ ನಮ್ಮನೆಯವರು ಊಟದ ಮುಂದೆ ಕೂತು ಮೆಲ್ಲಗೆ ಹೇಳಿದರು. "ನೋಡು, ಜೂನ್‌ಗೆ ಮಗು ಸ್ಕೂಲಿಗೆ ಹೋಗ್ಲೇಬೇಕು. ನಿನ್ನ ಕೈಲಿ ಆಗಲ್ಲ ಅಂದ್ರೆ ಇಬ್ಬರನ್ನೂ ನಿಮ್ಮವ್ವನ ಮನೇಲಿ ಬಿಡ್ತೀನಿ. ಅಲ್ಲಿ ಸ್ಕೂಲು ಎದುರಿಗೇ ಐತೆ, ನೀನು ಜಗಲಿ ಮೇಲೆ ಕೂತೇ ನೋಡ್ಬಹುದು."

"ಮತ್ತೆ ನೀವು?"

"ನಾನು ಇಲ್ಲಿ ಬೇಯಿಸ್ಕೊಂಡು ತಿಂತೀನಿ."

ಅವರಿಗೆ ಬೇಯಿಸಲು ಬರುವುದಿಲ್ಲ. ಬೇಳೆ ತೊಳೆಯಬೇಕೆಂಬುದೂ ಗೊತ್ತಿಲ್ಲ. ಗೋಪಿ ಹೋದ ಮೇಲೆ ನಾವು ಉಳಿದದ್ದೇ ಮೂವರು, ಅದನ್ನೂ ಎರಡು ಮನೆ ಮಾಡುವುದಕ್ಕೆ ನಾನೇ ಕಾರಣವಾಗುತ್ತಿದ್ದೆ. ಆ ಮಾತು ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು.

ಕಾಫಿ ಹೂ ಬಿಟ್ಟ ದಿನಗಳಲ್ಲಿ ಒಂದು ಮಧ್ಯಾಹ್ನ ಗದ್ದೆಯಾಚೆಯ ಮುತ್ತವ್ವನ ಮನೆಯ ಕಡೆಯಿಂದ ಸದ್ದು ಬಂತು. ನಾನು ಎಣಿಸಿದೆ. ಎರಡು. ಮುತ್ತವ್ವನಿಗೆ ವಯಸ್ಸಾಗಿತ್ತು, ಅಳಿಯ ಮಿಲಿಟರಿಯಲ್ಲಿದ್ದ, ಮಗಳು ಹೆರಿಗೆಗೆ ಬಂದಿದ್ದಳು. ಯಾರೋ ಏನೋ! ನಾನು ಬಂದಾಗಿನಿಂದ ಮನೆಗೆ ಬಾಳೆಹಣ್ಣು, ಜೇನು ಕಳಿಸಿದ ಮನೆ ಅದು. ಸರಸುವನ್ನು ಕಂಕುಳಲ್ಲಿಟ್ಟುಕೊಂಡು ಗದ್ದೆಯ ಬದುವಿನ ಮೇಲೆ ಓಡಿದೆ. ಓಡುತ್ತ ಹೇಗೋ ಗಂಟಲು ಬಿಚ್ಚಿಕೊಂಡಿತು. ಅವರ ಅಂಗಳ ಮುಟ್ಟುವಷ್ಟರಲ್ಲಿ ನಮ್ಮೂರ ಹೆಂಗಸರು ಸಾವಿನ ಮನೆಯಲ್ಲಿ ಹೇಗೆ ಅಳುತ್ತಾರೋ ಹಾಗೆ, ಎದೆ ಬಡಿದುಕೊಂಡು, ಹಾಡಿಕೊಂಡು ಅಳುತ್ತಿದ್ದೆ.

ಜಗಲಿಯಲ್ಲಿದ್ದ ಗಂಡಸರು ಗಾಬರಿಯಾಗಿ ಎದ್ದರು. ಒಬ್ಬರ ಕೈಯಲ್ಲಿ ಕೋವಿ ಹಾಗೇ ಇತ್ತು. ಮುತ್ತವ್ವ ಸೊಂಟಕ್ಕೆ ಕೈಕೊಟ್ಟುಕೊಂಡು ಹೊರಗೆ ಬಂದರು.

"ಅಯ್ಯೋ ಮುತ್ತವ್ವ, ಯಾರು ಹೋದರು?"

"ಹೋದದ್ದಲ್ಲ ಮಾರಾಯ್ತಿ, ಬಂದದ್ದು! ಕುಂಞಿ ಬಂದದ್ದು!" ಕುಂಞಿ ಎಂದರೆ ಅವರ ಮಾತಿನಲ್ಲಿ ಮಗು.

"ಎರಡು ಕೇಳಿಸಿತಲ್ಲ..."

"ಒಂದು ನಾವು ಹೊಡೆದದ್ದು. ಇನ್ನೊಂದು ಎಂಥ ಅಂತ ಆ ಬೆಟ್ಟದ ಹತ್ರ ಕೇಳು."

ಗಂಡಸರು ಗೊಳ್ಳೆಂದು ನಕ್ಕರು. ಬೆಟ್ಟಕ್ಕೆ ಬಡಿದು ವಾಪಸಾದ ಸದ್ದನ್ನು ನಾನು ಎರಡನೆಯ ಗುಂಡು ಮಾಡಿಕೊಂಡಿದ್ದೆ. ಮಗು ಹುಟ್ಟಿದ ಮನೆಗೆ ಬಂದು ಸಾವಿನ ಅಳು ಅತ್ತವಳಿಗೆ ನಮ್ಮ ಕಡೆಯಾಗಿದ್ದರೆ ಪೊರಕೆ ಸೇವೆ ಆಗುತ್ತಿತ್ತು. ನಾಚಿಕೆಯಿಂದ ಸೆರಗು ಬಾಯಿಗೆ ತುರುಕಿಕೊಂಡೆ. ಆದರೂ ಅಳು ನಿಲ್ಲಲಿಲ್ಲ. ನಗು ನಿಂತಿತು, ಅಳು ನಿಲ್ಲಲಿಲ್ಲ.

ಮುತ್ತವ್ವ ನನ್ನ ರಟ್ಟೆ ಹಿಡಿದು ಅಡಿಗೆಮನೆಗೆ ಕರೆದೊಯ್ದು, ಒಲೆಯ ಪಕ್ಕ ಮಣೆ ಹಾಕಿ ಕೂರಿಸಿದರು. ಸರಸುವಿನ ಕೈಗೆ ಬೆಲ್ಲ ಕೊಟ್ಟರು.

"ಇದು ನಮ್ಮನೆಯ ಅಳು ಅಲ್ಲ," ಅಂದರು. "ನಿನ್ನದು ಯಾರು?"

ಅಷ್ಟು ನೇರವಾಗಿ ನನ್ನನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. "ಗೋಪಿ," ಅಂದೆ. ಆ ಹೆಸರನ್ನು ಬಾಯಿಬಿಟ್ಟು ಹೇಳಿ ಎಷ್ಟೋ ತಿಂಗಳಾಗಿತ್ತು.

ಮುತ್ತವ್ವ ಎಲ್ಲ ಕೇಳಿಸಿಕೊಂಡರು. ಕೊನೆಗೆ, "ನನಗೆ ಮೊಮ್ಮಗನ ಕೆಲಸ ಇದೆ, ದಿನಾ ಕೂತು ಕೇಳ್ಲಿಕ್ಕೆ ಆಗುದಿಲ್ಲ. ಅಮ್ಮತ್ತಿಯಲ್ಲಿ ಸಣ್ಣ ದವಾಖಾನೆ ಉಂಟು. ಅಲ್ಲಿ ಏಲಿಯಮ್ಮ ಸಿಸ್ಟರ್ ಹತ್ರ ಹೋಗು. ಅಳಿಯ ಗಡಿಗೆ ಹೋದಾಗ ನನ್ನ ಮಗಳು ಅನ್ನ ಬಿಟ್ಟಿದ್ದಳು. ಅವಳನ್ನ ಎಬ್ಬಿಸಿದ್ದು ಆ ಸಿಸ್ಟರೇ" ಅಂದರು.

"ಅವರು ಶಿಲುಬೆ ಹಾಕ್ಕೊಳ್ಳೋರಾ?" ಎಂದು ಕೇಳಿದೆ. ಮನಸ್ಸಿನಲ್ಲಿ ಬಂದದ್ದನ್ನು ಮುಚ್ಚಿಟ್ಟು ನನಗೆ ಅಭ್ಯಾಸವಿಲ್ಲ.

"ಹಾಕ್ಕೊಳ್ತಾರೆ. ನಿನಗೆ ಹಾಕುದಿಲ್ಲ, ಹೋಗು."

ಮುಂದಿನ ಸಂತೆಯ ದಿನ ಹೋದೆ. ಏಲಿಯಮ್ಮ ಸಿಸ್ಟರ್ ಮಲಯಾಳದ ಕಡೆಯವರು, ಗಟ್ಟಿ ಮೈಕಟ್ಟು, ಕನ್ನಡವನ್ನು ಮಲಯಾಳದಲ್ಲಿ ಅದ್ದಿ ಆಡುತ್ತಿದ್ದರು. ದವಾಖಾನೆಯ ಹಿಂದಿನ ಜಗಲಿಯಲ್ಲಿ ಕುದಿಸಿ ಒಣಗಿಸಿದ ಬ್ಯಾಂಡೇಜು ಬಟ್ಟೆಯ ರಾಶಿ. ಔಷಧಿಗೆ ಬಗ್ಗದ ಕಾಯಿಲೆಯ ಹೆಂಗಸರನ್ನು ಡಾಕ್ಟರು ಅಲ್ಲಿಗೆ ಕಳಿಸುತ್ತಿದ್ದರು. ಕೂತು ಆ ಪಟ್ಟಿಗಳನ್ನು ಬಿಗಿಯಾಗಿ ಸುತ್ತಬೇಕು, ಸುತ್ತುತ್ತ ಮಾತಾಡಬೇಕು. ಎದುರುಬದುರು ಮುಖ ನೋಡಿಕೊಂಡು ಹೇಳಲಾಗದ್ದು ಕೈ ನೋಡಿಕೊಂಡು ಹೇಳಲು ಬರುತ್ತಿತ್ತು.

ಮೊದಲ ದಿನವೇ ಹೇಳಿಬಿಟ್ಟೆ. "ಸಿಸ್ಟರ್, ನಾನು ಎಲ್ಲಾನೂ ನಮ್ಮ ರಂಗನಾಥನಿಗೆ ಹೇಳ್ಕೊತೀನಿ."

"ಹೇಳ್ಬೇಕು, ನಿಲ್ಲಿಸ್ಬಾರ್ದು. ಆದರೆ ಅವರು ತಿರುಗಿ ಪ್ರಶ್ನೆ ಕೇಳುದಿಲ್ಲ ಅಲ್ವಾ? ನಾನು ಕೇಳ್ತೇನೆ."

ಕೇಳಿದರು. ಗೋಪಿ ಸತ್ತ ದಿನದ ಬಗ್ಗೆ ಅಲ್ಲ, ಇದ್ದ ದಿನಗಳ ಬಗ್ಗೆ. ಯಾವ ಕೈಯಲ್ಲಿ ತಿನ್ನುತ್ತಿದ್ದ, ಯಾರನ್ನು ಕಂಡರೆ ಅಡಗುತ್ತಿದ್ದ, ಅಕ್ಕನನ್ನು ಏನೆಂದು ಕರೆಯುತ್ತಿದ್ದ. ಎಡಗೈ ಎಂದು ನೆನಪಾದಾಗ ನನಗೇ ನಗು ಬಂತು. ಅದನ್ನು ಬಿಡಿಸಲು ಎಷ್ಟು ಪಾಡು ಪಟ್ಟಿದ್ದೆ! ನಗುತ್ತಲೇ ಅತ್ತೆ. ಪಕ್ಕದಲ್ಲಿ ಎಸ್ಟೇಟ್ ಲೈನಿನ, ಎಂದರೆ ಆಳುಗಳ ಸಾಲುಮನೆಯ, ತಮಿಳು ಹೆಂಗಸೊಬ್ಬಳು ಕೂತಿದ್ದಳು, ಗಂಡನನ್ನು ಕಳೆದುಕೊಂಡವಳು. "ಅಳಕ್ಕಾ, ಚೆನ್ನಾಗಿ ಅಳು. ಬ್ಯಾಂಡೇಜಲ್ಲಿ ಮಾತ್ರ ಮೂಗು ಒರೆಸಬೇಡ, ಸಿಸ್ಟರ್ ಬೈತಾರೆ" ಅಂದಳು.

ಸಿಸ್ಟರ್ ಬಾಯಲ್ಲಿ ಸದಾ ಒಂದು ಮಾತು, "ಸಾರಮಿಲ್ಲ." ಪರವಾಗಿಲ್ಲ, ಬಿಡಿ ಎಂದು ಅರ್ಥ. ಪಟ್ಟಿ ಸಡಿಲವಾದರೆ ಸಾರಮಿಲ್ಲ, ತಡವಾಗಿ ಬಂದರೆ ಸಾರಮಿಲ್ಲ. ಗೋಪಿಯ ವಿಷಯದಲ್ಲಿ ಮಾತ್ರ ಒಮ್ಮೆಯೂ ಆ ಮಾತು ಆಡಲಿಲ್ಲ. ಅದಕ್ಕಾಗಿ ನಾನು ಅವರನ್ನು ಇಂದಿಗೂ ನೆನೆಯುತ್ತೇನೆ.

ನಂಟರೊಬ್ಬರು ಬಂದಿದ್ದಾಗ, "ಮಾತಾಡೋಕೆ ಆಸ್ಪತ್ರೆಗೆ ಹೋಗ್ತಾಳಂತೆ, ನಮ್ಮೂರಲ್ಲಿ ಬಾವಿಕಟ್ಟೆ ಇರಲಿಲ್ವೇ?" ಎಂದು ಆಡಿಕೊಂಡರು. ನಮ್ಮನೆಯವರು, "ಬಾವಿಕಟ್ಟೇಲಿ ಮಾತಾಡಿದ್ದು ಸಂಜೆಗೆ ಊರೆಲ್ಲಾ ಸುತ್ತುತ್ತೆ. ಇದು ಬ್ಯಾಂಡೇಜಿನ ಒಳಗೇ ಸುತ್ತಿಕೊಳ್ಳುತ್ತೆ" ಅಂದರು. ಅವರಿಗೆ ಅಷ್ಟು ಚೆನ್ನಾಗಿ ಮಾತು ಬರುತ್ತದೆಂದು ನನಗೆ ಅಂದೇ ತಿಳಿದದ್ದು. ನಾನಂತೂ ಮನೆಗೆ ಬಂದ ಕೂಡಲೇ ತಲೆಗೆ ನೀರು ಹಾಕಿಕೊಂಡೇ ಒಲೆ ಮುಟ್ಟುತ್ತಿದ್ದೆ. ಸಿಸ್ಟರಿಗೂ ಅದು ಗೊತ್ತಿತ್ತು. "ಸ್ನಾನ ಒಳ್ಳೇದು, ರಾತ್ರಿ ನಿದ್ದೆ ಬರ್ತದೆ" ಎಂದರು. ನಿಜವಾಗಿ ಬರತೊಡಗಿತು.

ಹೆದರಿಕೆಗೆ ಸಿಸ್ಟರ್ ಬೇರೆ ದಾರಿ ಹೇಳಿದರು. ಒಂದೇ ಸಲ ಬಿಡಬೇಡಿ, ಇಷ್ಟಿಷ್ಟೇ ಬಿಡಿ, ಎದೆ ಹೊಡೆದುಕೊಂಡರೆ ನಿಂತ ಕಡೆಯೇ ನಿಂತು ಅದು ಇಳಿಯುವವರೆಗೆ ಕಾಯಿರಿ, ವಾಪಸು ಓಡಬೇಡಿ ಎಂದು. ಜೂನ್ ಬಂತು, ಮಳೆಯೂ ಬಂತು. ಮೊದಲು ಸ್ಕೂಲಿನ ಹೊರಗೆ ಕೊಡೆ ಹಿಡಿದು ಬೆಲ್ಲು ಹೊಡೆಯುವವರೆಗೆ ಕೂತೆ. ಮೇಷ್ಟರು, "ಅಮ್ಮ, ನೀವೂ ಒಳಗೆ ಬಂದು ಕಾಗುಣಿತ ಬರೆಯಿರಿ" ಎಂದು ತಮಾಷೆ ಮಾಡಿದರು. ಆಮೇಲೆ ತೋಡಿನ ಸೇತುವೆಯವರೆಗೆ ಮಾತ್ರ. ಆಮೇಲೆ ಎಸ್ಟೇಟ್ ಗೇಟಿನವರೆಗೆ. ಒಂದು ದಿನ ಸರಸು ಲೈನಿನ ಮಕ್ಕಳ ಜೊತೆ, ಮಳೆಗೆ ಎಲೆಯಲ್ಲಿ ಹೆಣೆದ ಗೊರಬೆಯನ್ನು ತಲೆಗೆ ಹಾಕಿಕೊಂಡು, ತಿರುಗಿಯೂ ನೋಡದೆ ಹೋದಳು. ಗೇಟಿನ ಕಂಬ ಹಿಡಿದು ನಿಂತೆ. ಎದೆ ಹೊಡೆದುಕೊಂಡಿತು, ಇಳಿಯಿತು. ಮನೆಗೆ ಬಂದು ದೇವರಿಗೆ ತುಪ್ಪದ ದೀಪ ಹಚ್ಚಿದೆ. ನಮ್ಮನೆಯವರು ಊರಿಗೆ ಬಿಟ್ಟುಬರುವ ಮಾತನ್ನು ಮತ್ತೆ ಎತ್ತಲಿಲ್ಲ.

ಅವರೆಕಾಯಿ ಕಾಲಕ್ಕೆ, ಸ್ಕೂಲಿಗೆ ರಜ ಬಿಟ್ಟಾಗ, ಮೂವರೂ ತವರಿಗೆ ಹೋದೆವು. ಬಯಲು ಕಂಡು ಕಣ್ಣಿಗೆ ಹಾಯೆನಿಸಿತು, ಜೊತೆಗೆ ಏನೋ ಬರಿದು ಬರಿದು ಅಂತಲೂ ಅನ್ನಿಸಿತು. ಹೊರಡುವ ಹಿಂದಿನ ಮಧ್ಯಾಹ್ನ ಅವ್ವನೂ ನಾನೂ ಕಾಯಿ ಸುಲಿಯುತ್ತ ಕೂತಿದ್ದೆವು. ನಾನು ದವಾಖಾನೆಯ ಜಗಲಿಯ ಕಥೆಯನ್ನೆಲ್ಲ ಹೇಳಿದೆ. ಗೋಪಿಯ ಹೆಸರನ್ನು ಎರಡು ಮೂರು ಸಲ ಹೇಳಿದರೂ ಅವ್ವ ತಡೆಯಲಿಲ್ಲ. ಸಿಪ್ಪೆಯ ರಾಶಿಯನ್ನು ಪಕ್ಕಕ್ಕೆ ಸರಿಸಿದಳು.

"ನಿನಗಿಂತ ಮುಂಚೆ ಒಬ್ಬಳಿದ್ದಳು ಕಣೆ," ಅಂದಳು. "ಲಚ್ಚಿ ಅಂತ. ನಿಮ್ಮಪ್ಪ ಹೋಗೋವರೆಗೂ ನಾವಿಬ್ರೂ ಒಂದಿನಾನೂ ಆ ಹೆಸರು ಎತ್ತಲಿಲ್ಲ."

ನನ್ನ ಕೈ ನಿಂತಿತು. "ಸುಲಿ, ಸುಲಿ," ಅಂದಳು ಅವ್ವ, "ನೀನು ನಿಲ್ಲಿಸಿದ್ರೆ ನನಗೆ ಹೇಳಕ್ಕಾಗಲ್ಲ."

ಕಾಯಿ ಮುಗಿಯಿತು. ಅವ್ವನ ಮಾತು ಮುಗಿದಿರಲಿಲ್ಲ. ಬೆಳಿಗ್ಗೆ ಸರಸು ಚೀಲ ಹಿಡಿದು ತಯಾರಾಗಿದ್ದಳು. "ಸ್ಕೂಲು ಶುರುವಾಗುತ್ತೆ, ನಮ್ಮನೆಗೆ ಹೋಗೋಣ" ಎಂದು ಅವಸರಿಸುತ್ತಿದ್ದಳು. ನಮ್ಮನೆ ಎಂದು ಅವಳು ಹೇಳಿದ್ದು ಗುಡ್ಡದ ಮೇಲಿನ ಆ ಮನೆಯನ್ನು. ನಾನು ನಮ್ಮನೆಯವರಿಗೆ, "ನೀವಿಬ್ರೂ ಹೋಗಿರಿ, ನಾನು ಎಂಟು ದಿನ ಬಿಟ್ಟು ಬರ್ತೀನಿ. ಬೇಳೆ ತೊಳೆದು ಹಾಕಿ" ಅಂದೆ. ಅವರು ನನ್ನ ಮುಖವನ್ನೇ ನೋಡಿದರು. ಸರಸುವಿನ ಕೈಯಿಂದ ಚೀಲ ತೆಗೆದುಕೊಂಡರು.

ಕುಶಾಲನಗರದ ಬಸ್ಸು ಮಗಳನ್ನು ಕರೆದುಕೊಂಡು ಧೂಳಿನಲ್ಲಿ ಮರೆಯಾಯಿತು. ನನ್ನ ಜೀವವೂ ಅದರ ಹಿಂದೆ ಸ್ವಲ್ಪ ದೂರ ಹೋಯಿತು. ಹೋಗಲಿ ಎಂದು ಬಿಟ್ಟೆ. ತಿರುಗಿ ಬಂದಾಗ ಅವ್ವ ಜಗಲಿಯಲ್ಲಿ ಇನ್ನೊಂದು ಮೊರ ಅವರೆಕಾಯಿ ಸುರಿದುಕೊಂಡು, ಪಕ್ಕದಲ್ಲಿ ನನಗೆ ಚಾಪೆ ಹಾಕಿ ಕೂತಿದ್ದಳು.