ಮಡಿ ನೀರಿನ ಡ್ರಮ್ಮು

ಎರಡು ವರ್ಷದ ಹಿಂದಿನ ಬೇಸಿಗೆ. ಆದೋನಿಯ ನಮ್ಮ ಮನೆಯಲ್ಲಿ ಅಡಿಗೆ, ಔಷಧ, ಆಸ್ಪತ್ರೆಯ ಓಡಾಟ ಎಲ್ಲವೂ ನನ್ನ ಖಾತೆ. ನೀರು ಮಾತ್ರ ಅತ್ತೆಯವರದು. ನಲ್ಲಿಗೆ ದಿನ ಬಿಟ್ಟು ದಿನ ನೀರು. ಅವರು ಸ್ನಾನ ಮಾಡಿ, ಒದ್ದೆ ಸೀರೆಯಲ್ಲೇ ಹಿಡಿದು, ಹಿತ್ತಲಿನ ನೀಲಿ ಪ್ಲಾಸ್ಟಿಕ್ ಡ್ರಮ್ಮಿಗೆ ಸುರಿಯುತ್ತಿದ್ದರು. ದೇವರಿಗೂ ಅವರು ಕುಡಿಯುವುದಕ್ಕೂ ಆ ಮಡಿ ನೀರೇ. ಮಡಿಯಲ್ಲಿಲ್ಲದ ನಾವು ಡ್ರಮ್ಮು ಮುಟ್ಟುವಂತಿರಲಿಲ್ಲ.

ಆಗ ಅವರಿಗೆ ಟೈಫಾಯಿಡ್ ಬಂತು. ಡಾಕ್ಟರ್ ಬರೆದ ಆಂಟಿಬಯಾಟಿಕ್ ತಂದುಕೊಟ್ಟೆ. ಜ್ವರ ಇಳಿದದ್ದೇ ತಡ, "ಸಾಕು, ಉಳದದ್ದು ಮುಂದ ಬೇಕಾಗ್ತಾವ" ಎಂದು ಮಾತ್ರೆಗಳನ್ನು ಎತ್ತಿಟ್ಟರು. ಜ್ವರ ಮರಳಿತು. ಎತ್ತಿಟ್ಟದ್ದನ್ನು ನುಂಗಿದರು, ಈ ಸಲ ಇಳಿಯಲಿಲ್ಲ. ಎದ್ದು ಕೂರಲೂ ಆಗದೆ ಆಸ್ಪತ್ರೆ ಸೇರಿದರು.

ಅಲ್ಲಿನ ಡಾಕ್ಟರಮ್ಮ ರಕ್ತದ ಕಲ್ಚರ್ ಮಾಡಿಸಿದರು. ಬ್ಯಾಕ್ಟೀರಿಯಾವನ್ನು ಬೆಳೆಸಿ, ಅದು ಯಾವ ಔಷಧಕ್ಕೆ ಸಾಯುತ್ತದೆಂದು ನೋಡುವ ಪರೀಕ್ಷೆ ಅದು. ವರದಿಯಲ್ಲಿ ಔಷಧಗಳ ಹೆಸರಿನ ಮುಂದೆ ಸಾಲಾಗಿ 'ರೆಸಿಸ್ಟೆಂಟ್' ಎಂದಿತ್ತು. ಅಂದರೆ, ಬಗ್ಗುವುದಿಲ್ಲ. ಇನ್ನು ಉಳಿದಿರುವುದು ಒಂದೆರಡು ಇಂಜೆಕ್ಷನ್, ಅವೂ ಹಿಡಿಯದಿದ್ದರೆ ಕಷ್ಟ ಎಂದ ಡಾಕ್ಟರಮ್ಮ, ಕುಡಿಯುವ ನೀರು ಎಲ್ಲಿಯದೆಂದು ಕೇಳಿದರು.

ಮನೆಗೆ ಬಂದು ಮೊದಲ ಸಲ ಡ್ರಮ್ಮಿನೊಳಗೆ ಕೈಯಿಟ್ಟೆ. ಒಳಮೈ ಲೋಳೆಲೋಳೆ. ಬಿಸಿಲಿಗೆ ಬಿರಿದ ಅಂಚಿನಿಂದ ನೀಲಿ ಪುಡಿ ಬೆರಳಿಗಂಟಿತು. ನೀರಿನ ಮೇಲೂ ಅದೇ ತೇಲುತ್ತಿತ್ತು. ಡಾಕ್ಟರಮ್ಮನಿಗೆ ಹೇಳಿದೆ. ಇಂಥ ಪ್ಲಾಸ್ಟಿಕ್ ಚೂರುಗಳ ಮೇಲೆ ಬ್ಯಾಕ್ಟೀರಿಯಾ ಲೋಳೆ ಕಟ್ಟಿಕೊಂಡು ನೆಲೆಸುತ್ತವೆ, ಔಷಧ ತಡೆಯುವ ಗುಣವನ್ನು ಒಂದಕ್ಕೊಂದು ದಾಟಿಸುತ್ತವೆ ಎಂದರು. ಜ್ವರ ಇದರಿಂದಲೇ ಬಂತೆಂದು ಹೇಳಲಾರೆ, ಆದರೆ ಆ ನೀರು ಬೇಡ ಎಂದೂ ಸೇರಿಸಿದರು.

"ಡ್ರಮ್ಮು ಯಾವಾಗ ತೊಳದಿದ್ರಿ, ಅತ್ತಿಯವರ?" ಆಸ್ಪತ್ರೆಯ ಮಂಚದ ಪಕ್ಕ ಕೂತು ಕೇಳಿದೆ.

"ಮಡಿ ನೀರಿಂದು ತೊಳಿಯೋದೇನ? ಸೋಪು ಹಾಕಿದ್ರ ಮಡಿ ಉಳೀತದೇನು? ಇಷ್ಟು ವರ್ಷ ಒಬ್ರೂ ಮುಟ್ಟಿಲ್ಲ ಅದನ್ನ."

"ಒಬ್ರೂ ಮುಟ್ಟಿಲ್ಲ ಅಂತನೇ ಹಿಂಗಾಗೇದ."

ಮಲಗಿದ್ದವರು ಗೋಡೆಗೆ ಮುಖ ತಿರುಗಿಸಿದರು.

ಇಂಜೆಕ್ಷನ್ ಹಿಡಿಯಿತು. ಅವರು ಮನೆಗೆ ಬರುವಷ್ಟರಲ್ಲಿ ಸ್ಟೀಲಿನ ಹಂಡೆ ತಂದಿಟ್ಟಿದ್ದೆ. ಮಡಿಯಲ್ಲೇ ನೀರು ಕಾಯಿಸಿ ಆರಿಸಲು ಒಪ್ಪಿದರು. ಗೆದ್ದೆನೆಂದುಕೊಂಡೆ. ವಾರದೊಳಗೆ ಹಿತ್ತಲಿನ ಡ್ರಮ್ಮು ಕಾಣಲಿಲ್ಲ. ಅತ್ತೆಯವರನ್ನು ಕೇಳಿದೆ.

"ಹಿಂದಿನ ಮನಿ ಲಕ್ಷ್ಮಿಗೆ ಕೊಟ್ಟೆ. ಸೋರಂಗಿಲ್ಲ, ಏನಿಲ್ಲ, ಚೊಲೊ ಡ್ರಮ್ಮು."

"ನೀರು ತುಂಬಲಿಕ್ಕಾ?"

"ಮತ್ತ ಉಪ್ಪಿನಕಾಯಿ ಹಾಕ್ಲಿಕ್ಕೇನ?"

ಉಟ್ಟ ಸೀರೆಯಲ್ಲೇ ಓಡಿದೆ. ಲಕ್ಷ್ಮಿಯ ಬಾಗಿಲಲ್ಲಿ ಡ್ರಮ್ಮು ತುಂಬಿ ನಿಂತಿತ್ತು. ಅವಳ ಪುಟ್ಟ ಮೊಮ್ಮಗಳು ಚೊಂಬು ಅದ್ದುತ್ತಿದ್ದಳು, ಕಸಿದುಕೊಂಡೆ. ಮಗು ಅತ್ತಿತು.

"ಯಾಕಕ್ಕಾ? ಅಮ್ಮಾರು ಮಡಿ ನೀರು ಇಟ್ಟಿದ್ದ ಡ್ರಮ್ಮಲ್ಲಾ?" ಎಂದಳು ಲಕ್ಷ್ಮಿ. "ಪುಣ್ಯ ಹೋದೀತಂತ ತೊಳಿಯಲಾರದಂಗನೇ ತುಂಬೀನಿ ನೋಡ್ರಿ."

ನೀರನ್ನು ಚೆಲ್ಲಿ, ನಮ್ಮ ಮನೆಯ ಒಂದು ಸ್ಟೀಲ್ ಬಿಂದಿಗೆ ತಂದುಕೊಟ್ಟೆ. ಡ್ರಮ್ಮನ್ನು ಯಾರ ಉಪಯೋಗಕ್ಕೂ ಬಾರದಂತೆ ಗರಗಸದಿಂದ ಕೊಯಿಸಿದೆ. ಕೊಯ್ದಲ್ಲೆಲ್ಲ ನೀಲಿ ಪುಡಿ. ಅದನ್ನು ಒದ್ದೆ ಬಟ್ಟೆಯಿಂದ ಒರೆಸಿದೆ, ಬಟ್ಟೆಯನ್ನು ಎಲ್ಲಿ ಜಾಲಿಸಿದರೂ ಪುಡಿ ಯಾರದೋ ನೀರಿಗೇ ಸೇರುತ್ತದಲ್ಲ ಎಂದು ನಿಂತೆ. ಮನೆ ನಡೆಸುವ ಕೆಲಸ ಅಂದು ನನಗೆ ಕಲಿಸಿದ್ದು ಇಷ್ಟೇ: ಬೇಡದ್ದನ್ನು ಹೊಸ್ತಿಲು ದಾಟಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ, ಅದು ಯಾರ ಚೊಂಬಿಗೆ ಹೋಗುತ್ತದೆಂದು ಹಿಂದೆಯೇ ಹೋಗಿ ನೋಡಬೇಕು.